ಗೆಳೆಯರ ಗುಂಪಿನೊಂದಿಗೆ ಕುದುರೆಮುಖ ಹತ್ತುವವರಿಗೆ

ಕುದುರೆಮುಖದ ಶಿಖರ ಸಮುದ್ರಮಟ್ಟದಿಂದ 1,894 ಮೀಟರ್ ಎತ್ತರದಲ್ಲಿದೆ. ರಾಜ್ಯದ ಅತಿ ಎತ್ತರದ ಬೆಟ್ಟವಾದ ಮುಳ್ಳಯ್ಯನಗಿರಿಗಿಂತ ಇದು 36 ಮೀಟರ್ ಮಾತ್ರ ತಗ್ಗು. ಆದರೆ ಮುಳ್ಳಯ್ಯನಗಿರಿಯಲ್ಲಿ ನೆತ್ತಿಯ ಸಮೀಪದವರೆಗೂ ವಾಹನ ಹೋಗುತ್ತದೆ, ಕುದುರೆಮುಖದಲ್ಲಿ ಆ ಸೌಕರ್ಯವಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕಳಸ, ಸಂಸೆಗಳ ಕಡೆಯಿಂದ ಬಾಳೆಗಲ್‌ಗೆ ಬಂದು, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ ತಲುಪಿ, ಮುಂದೆ ಹೋಗಿಬರುವುದಕ್ಕೆ ಒಟ್ಟು 18ರಿಂದ 20 ಕಿಲೋಮೀಟರ್‌ನಷ್ಟು ದಾರಿಯನ್ನು ಒಂದೇ ಹಗಲಿನಲ್ಲಿ ನಡೆದು ಮುಗಿಸಬೇಕು. ಕಾಡಿನೊಳಗೆ ರಾತ್ರಿ ತಂಗಲು ಅವಕಾಶವಿಲ್ಲ. ಹಾಗಾಗಿ ಬೆಳಿಗ್ಗೆ ಹೊರಟ ಎಲ್ಲರೂ ಸಂಜೆಯೊಳಗೆ ತಮ್ಮ ಕಾಲ ಮೇಲೆಯೇ ಮರಳಬೇಕು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಂಡು, ಉಳಿದ ಏರ್ಪಾಡುಗಳನ್ನೆಲ್ಲ ಅದರ ಸುತ್ತ ಹೆಣೆಯಬೇಕಾಗುತ್ತದೆ.

ಗೆಳೆಯರಲ್ಲಿ ಯಾರಾದರೊಬ್ಬರು "ನಾನು ನೋಡಿಕೊಳ್ಳುತ್ತೇನೆ, ನೀವು ಬನ್ನಿ" ಎಂದು ಹೊಣೆ ಹೊತ್ತುಕೊಳ್ಳುತ್ತಾರಲ್ಲ, ಈ ಬರಹ ಅವರಿಗಾಗಿ. ಹಲವು ವರ್ಷಗಳಿಂದ ಆ ಹೊಣೆ ನನ್ನದಾಗಿದೆ. ಅದರಲ್ಲಿ ನಾನು ಕಲಿತ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡು, ಸಮಯ, ನೀರು, ಊಟ, ವಿಶ್ರಾಂತಿ ಎಲ್ಲವನ್ನೂ ಅವರ ನಡಿಗೆಗೆ ಹೊಂದಿಸಬೇಕು. ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ಆ ಪ್ರಸಂಗವನ್ನು ಮುಂದೆ ಹೇಳುತ್ತೇನೆ.

ಗುಂಪು ಕಟ್ಟುವಾಗ

ಆರರಿಂದ ಹತ್ತು ಮಂದಿಯ ಗುಂಪು ಅನುಕೂಲಕರ. ನಾಲ್ವರಿಗಿಂತ ಕಡಿಮೆಯಾದರೆ ಒಬ್ಬರ ಕಾಲು ಉಳುಕಿದಾಗ ಅವರ ಜೊತೆ ನಿಲ್ಲುವವರಿಗೂ ಸಹಾಯ ಕರೆಯಲು ಓಡುವವರಿಗೂ ಜನ ಸಾಲುವುದಿಲ್ಲ. ಹತ್ತಕ್ಕಿಂತ ಹೆಚ್ಚಾದರೆ ಸಾಲಿನ ತಲೆಗೂ ಬಾಲಕ್ಕೂ ಸಂಬಂಧ ಕಡಿದುಹೋಗುತ್ತದೆ. ಬರುವವರು ಹದಿನೈದು ಮಂದಿ ಇದ್ದರೆ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಮುಂದಾಳುಗಳನ್ನು ಗೊತ್ತುಮಾಡುವುದು ಲೇಸು.

ಬರುತ್ತೇನೆ ಎಂದ ಪ್ರತಿಯೊಬ್ಬರೊಂದಿಗೂ ಪ್ರತ್ಯೇಕವಾಗಿ ಫೋನಿನಲ್ಲಿ ಮಾತನಾಡಿರಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಯಾರಿಗಾದರೂ ಆರೋಗ್ಯದ ತೊಂದರೆ ಇದೆಯೇ" ಎಂದು ಕೇಳಿದರೆ ಹತ್ತು ಜನರ ಎದುರಿಗೆ ಮಂಡಿನೋವಿನ ಮಾತನ್ನು ಯಾರೂ ಎತ್ತುವುದಿಲ್ಲ. ಒಬ್ಬೊಬ್ಬರನ್ನೇ ಕೇಳಿದಾಗ ಹಳೆಯ ಉಳುಕು, ಉಬ್ಬಸ, ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ಎಲ್ಲವೂ ಹೊರಗೆ ಬರುತ್ತವೆ. ಹೃದಯದ ತೊಂದರೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ತಮ್ಮ ವೈದ್ಯರನ್ನು ಕೇಳದೆ ಬರಬಾರದು ಎಂದು ಸ್ಪಷ್ಟವಾಗಿ ಹೇಳಬೇಕು. ಉಬ್ಬಸ ಇರುವವರು ತಮ್ಮ ಇನ್‌ಹೇಲರನ್ನು ಚೀಲದ ತಳದಲ್ಲಿ ಹುದುಗಿಸದೆ ಕೈಗೆ ಸಿಗುವ ಜೇಬಿನಲ್ಲಿ ಇಟ್ಟುಕೊಂಡು, ಅದು ಯಾವ ಜೇಬು ಎಂಬುದನ್ನು ಪಕ್ಕದವರಿಗೂ ತೋರಿಸಿರಬೇಕು.

ನಡಿಗೆಯ ಪ್ರಮಾಣವನ್ನು ಅಲಂಕಾರವಿಲ್ಲದೆ ತಿಳಿಸಿ. ಮುಳ್ಳೋಡಿಯಿಂದ ನೆತ್ತಿಗೆ ಏರಬೇಕಾದ ಎತ್ತರ ಸುಮಾರು 900 ಮೀಟರ್. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಒಂದೇ ದಿನ ಮೂರು ನಾಲ್ಕು ಸಲ ಹತ್ತಿ ಇಳಿದಂತೆ ಎಂದರೆ ಹೊಸಬರಿಗೂ ಅಂದಾಜು ಸಿಗುತ್ತದೆ. ಕನಿಷ್ಠ ಆರು ವಾರ ಮೊದಲು ದಿನಾಂಕ ನಿಗದಿಪಡಿಸಿ, ಅಷ್ಟೂ ವಾರ ವಾರಕ್ಕೆ ನಾಲ್ಕು ದಿನ ಮೆಟ್ಟಿಲು ಹತ್ತಿಳಿಯುವಂತೆ ಎಲ್ಲರಿಗೂ ಹೇಳಿ. ಇಳಿಯುವುದೂ ಅಭ್ಯಾಸದಲ್ಲಿ ಇರಲೇಬೇಕು. ಮಂಡಿ, ತೊಡೆಗಳನ್ನು ಹಿಂಡುವುದು ಏರುವುದಕ್ಕಿಂತ ಇಳಿಯುವುದೇ ಆಗಿರುವುದರಿಂದ, ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿದು ಬರುವವರ ಅಭ್ಯಾಸ ಅರ್ಧ ಮಾತ್ರ.

ಹೊರಡುವ ಎರಡು ವಾರ ಮೊದಲು, ಅದೇ ಬೂಟು, ಅದೇ ಚೀಲದೊಂದಿಗೆ ಊರ ಸಮೀಪದ ಯಾವುದಾದರೂ ಬೆಟ್ಟದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಒಟ್ಟಾಗಿ ನಡೆಯಿರಿ. ಯಾರು ಮೊದಲ ಅರ್ಧ ಗಂಟೆ ಓಡಿ ಆಮೇಲೆ ಸೋಲುತ್ತಾರೆ, ಯಾರು ಮಾತಿಲ್ಲದೆ ಹಿಂದುಳಿಯುತ್ತಾರೆ, ಯಾರ ಬೂಟು ಹಿಮ್ಮಡಿ ಕಚ್ಚುತ್ತದೆ ಎಂಬುದು ಆ ಒಂದು ಬೆಳಗಿನಲ್ಲಿ ನಿಮಗೆ ಗೊತ್ತಾಗುತ್ತದೆ.

ಕಾಲ ಮತ್ತು ಅನುಮತಿ

ಮೊದಲ ಬಾರಿ ಹೋಗುವ ಗುಂಪಿಗೆ ಅಕ್ಟೋಬರ್ ಕೊನೆಯಿಂದ ಜನವರಿ ಮುಗಿಯುವವರೆಗಿನ ಅವಧಿ ಸೂಕ್ತ. ಅಕ್ಟೋಬರಿನಲ್ಲಿ ಹುಲ್ಲು ಇನ್ನೂ ಹಸಿರಾಗಿದ್ದು, ಹಳ್ಳಗಳಲ್ಲಿ ತಿಳಿನೀರು ಹರಿಯುತ್ತಿರುತ್ತದೆ. ಜನವರಿಯ ಹೊತ್ತಿಗೆ ಗುಡ್ಡಗಳೆಲ್ಲ ಮಾಗಿದ ಬತ್ತದ ಬಣ್ಣಕ್ಕೆ ತಿರುಗಿ, ಆಕಾಶ ಶುಭ್ರವಾಗಿ, ದೂರದ ಸಾಲುಗಳು ಒಂದರ ಹಿಂದೊಂದು ಎದ್ದು ಕಾಣುತ್ತವೆ. ಮಳೆಗಾಲದ ಕುದುರೆಮುಖದ ಸೊಬಗೇ ಬೇರೆ ಎಂಬುದು ನಿಜ, ನನಗೂ ಅದರ ಮೋಹವಿದೆ. ಆದರೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಘಟ್ಟದಲ್ಲಿ ಜುಲೈ, ಆಗಸ್ಟ್ ತಿಂಗಳುಗಳು ಅನುಭವಸ್ಥರಿಗೇ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಜೊತೆಗೆ ಮಧ್ಯಾಹ್ನದ ಸಿಡಿಲು ಮಳೆಯ ಅಪಾಯವಿದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದಲೂ ಮಳೆಗಾಲದಲ್ಲಿ ಅತಿವೃಷ್ಟಿಯಿಂದಲೂ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. ಆದ್ದರಿಂದ ಬಸ್ಸಿನ ಟಿಕೆಟ್ ಕಾಯ್ದಿರಿಸುವ ಮೊದಲು ಹಾದಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಈ ಶಿಖರ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ. ಅನುಮತಿಯಿಲ್ಲದೆ ಒಳಹೋಗುವುದು ಅಪರಾಧ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ದಿನಾಂಕ ಆರಿಸಿ, ಪ್ರತಿಯೊಬ್ಬರ ಹೆಸರು ಮತ್ತು ಗುರುತಿನ ಚೀಟಿಯ ವಿವರ ತುಂಬಿ, ಶುಲ್ಕ ಕಟ್ಟಿ ಮುಂಗಡವಾಗಿ ಅನುಮತಿ ಪಡೆಯಬೇಕು. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರಗಳ ಸ್ಥಳಗಳು ಬೇಗನೆ ತುಂಬಿಹೋಗುತ್ತವೆ. ರಜೆ ಹೊಂದಿಸಲು ಸಾಧ್ಯವಾದರೆ ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ, ಹಾದಿಯೂ ನಿಶ್ಶಬ್ದವಾಗಿರುತ್ತದೆ. ಅನುಮತಿ ಪತ್ರವನ್ನು ಫೋನಿನಲ್ಲಿ ಇಟ್ಟುಕೊಳ್ಳುವುದರ ಜೊತೆಗೆ ಎರಡು ಮುದ್ರಿತ ಪ್ರತಿಗಳನ್ನು ಇಬ್ಬರ ಬಳಿ ಕೊಟ್ಟಿರಿ, ಏಕೆಂದರೆ ಕಳಸ ಬಿಟ್ಟ ಮೇಲೆ ನೆಟ್‌ವರ್ಕನ್ನು ನೆಚ್ಚಿಕೊಳ್ಳುವಂತಿಲ್ಲ. ಎಲ್ಲರೂ ಮೂಲ ಗುರುತಿನ ಚೀಟಿ ತಂದಿರಬೇಕು. ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಂಡೇ ಹೋಗಿ. ಮಂಜು ಮುಸುಕಿದಾಗ ಒಂದೇ ಬಗೆಯಾಗಿ ಕಾಣುವ ಗುಡ್ಡಗಳ ನಡುವೆ ಜಾಡು ಗುರುತಿಸುವುದು ಅಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಸುಲಭ.

ಹಣದ ವಿಷಯವನ್ನು ಸಂಕೋಚವಿಲ್ಲದೆ ಮೊದಲೇ ಇತ್ಯರ್ಥ ಮಾಡಿ. ಅನುಮತಿ ಶುಲ್ಕ, ಹೋಂಸ್ಟೇ, ಜೀಪು, ಮಾರ್ಗದರ್ಶಿ, ಬಸ್ಸು ಎಲ್ಲವನ್ನೂ ಕೂಡಿಸಿ ತಲೆಗೆ ಇಷ್ಟೆಂದು ಲೆಕ್ಕ ಹಾಕಿ, ಮುಂಗಡವಾಗಿ ಒಬ್ಬರ ಬಳಿ ಸೇರಿಸಬೇಕು. ಕೊನೆಯ ವಾರದಲ್ಲಿ ಯಾರಾದರೂ ಹಿಂದೆ ಸರಿದರೆ ಅವರ ಪಾಲಿನ ಜೀಪು ಬಾಡಿಗೆ ಯಾರ ತಲೆಗೆ ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ಇರಬೇಕು. ಜೀಪಿನವರಿಗೆ, ಮಾರ್ಗದರ್ಶಿಗೆ ಕೊಡಲು ನಗದು ಇಟ್ಟುಕೊಂಡಿರಿ.

ಸಮಯದ ಲೆಕ್ಕ

ಗುಡ್ಡದ ನಡಿಗೆಗೆ ಸಮಯ ಅಂದಾಜು ಮಾಡಲು 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿ ಹೇಳಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ. ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕದಂತೆ ಒಂಬತ್ತೂವರೆ ಕಿಲೋಮೀಟರಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ, 900 ಮೀಟರ್ ಏರಿಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ ಗಂಟೆಗಳಲ್ಲಿ ನೆತ್ತಿ ಸೇರಬೇಕು. ಆದರೆ ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಗೆಳೆಯರ ಗುಂಪು ಫೋಟೋಗೆ ನಿಲ್ಲುತ್ತದೆ, ಹಳ್ಳದಲ್ಲಿ ಮುಖ ತೊಳೆಯುತ್ತದೆ, ಒಬ್ಬರ ಬೂಟಿನ ದಾರ ಕಟ್ಟುವಾಗ ಎಂಟು ಜನ ಕುಳಿತುಬಿಡುತ್ತಾರೆ. ಅದಕ್ಕೆ ಅರ್ಧದಷ್ಟು ಸೇರಿಸಿ ಐದು ಗಂಟೆ ಎಂದುಕೊಳ್ಳಿ. ಇಳಿಯಲು ನಾಲ್ಕು ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಬೆಳಿಗ್ಗೆ 6.30ಕ್ಕೆ ಮೊದಲ ಹೆಜ್ಜೆ ಇಟ್ಟರೆ ಸಂಜೆ 4.30ರ ಸುಮಾರಿಗೆ ಮರಳಬಹುದು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತದೆ, ಮರಗಳಡಿಯಲ್ಲಿ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಹೀಗೆ ನೋಡಿದರೆ ನಿಮ್ಮ ಕೈಯಲ್ಲಿ ಮಿಗುವ ಸಮಯ ಒಂದು ಗಂಟೆ ಮಾತ್ರ. ಯಾವ ಕಾರಣಕ್ಕೂ ಮೊದಲ ದಿನದ ರಾತ್ರಿಯ ಹರಟೆಗಾಗಿ ಆ ಗಂಟೆಯನ್ನು ಕಳೆದುಕೊಳ್ಳಬೇಡಿ.

ಇದೇ ಲೆಕ್ಕದಿಂದ ಹಿಂತಿರುಗುವ ಗಡಿಯೂ ಸಿಗುತ್ತದೆ. ನಾನು ಮಧ್ಯಾಹ್ನ 12.30 ಎಂದು ಗೊತ್ತುಮಾಡಿಕೊಂಡಿದ್ದೇನೆ. ಆ ಹೊತ್ತಿಗೆ ಎಲ್ಲಿದ್ದೇವೋ ಅಲ್ಲಿಂದಲೇ, ನೆತ್ತಿ ಕಣ್ಣೆದುರಿಗೇ ಇದ್ದರೂ, ತಿರುಗಬೇಕು. ಇದನ್ನು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಎಲ್ಲರ ಎದುರಿಗೆ ಹೇಳಿ ಒಪ್ಪಿಸಿಕೊಳ್ಳಿ. ಗುಡ್ಡದ ಮೇಲೆ ಹೊಸದಾಗಿ ಹೇಳಿದರೆ ಯಾರೂ ಕೇಳುವುದಿಲ್ಲ.

ಚೀಲ, ಬೂಟು, ಬುತ್ತಿ

ತಲೆಗೆ ಮೂರು ಲೀಟರ್ ನೀರು ಒಯ್ಯುವ ಶೀಷೆಗಳು ಇರಬೇಕು. ಹೊರಡುವಾಗ ಎಲ್ಲರ ಶೀಷೆಯೂ ತುಂಬಿದೆಯೇ ಎಂದು ಕಣ್ಣಾರೆ ನೋಡಿ. ಹಾದಿಯಲ್ಲಿ ಹಳ್ಳಗಳು ಸಿಗುತ್ತವೆ, ಹಾಗೆಂದು ಅದನ್ನೇ ನಂಬಿ ಅರ್ಧ ಲೀಟರಿನ ಶೀಷೆ ಹಿಡಿದು ಬಂದವರು ಮೇಲಿನ ಬೋಳು ಹುಲ್ಲುಗಾವಲಿನಲ್ಲಿ ಪಕ್ಕದವರ ನೀರನ್ನು ಕುಡಿಯಬೇಕಾಗುತ್ತದೆ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಕುಡಿಯುವುದು ಒಳ್ಳೆಯದು. ಒಂದು ಲೀಟರಿಗೆ ಒಂದರಂತೆ ಕಲಸುವ ಓಆರ್‌ಎಸ್ ಪೊಟ್ಟಣಗಳನ್ನು ತಲೆಗೆ ಎರಡರಂತೆ ಕೊಂಡುಕೊಳ್ಳಿ. ಅದನ್ನು ಅರ್ಧ ಪೊಟ್ಟಣ, ಅರ್ಧ ಶೀಷೆ ಎಂದು ಮನಬಂದಂತೆ ಬೆರೆಸಬಾರದು.

ಬುತ್ತಿಗೆ ಚಪಾತಿ ಮತ್ತು ಒಣ ಪಲ್ಯ, ಪುಳಿಯೋಗರೆ, ಚಿತ್ರಾನ್ನ ಯಾವುದಾದರೂ ಆದೀತು. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ, ತೆಂಗಿನಕಾಯಿ ಚಟ್ನಿ ಹಳಸುತ್ತದೆ. ನಡುನಡುವೆ ತಿನ್ನಲು ಶೇಂಗಾ ಚಿಕ್ಕಿ, ಖರ್ಜೂರ, ಬಾಳೆಹಣ್ಣು, ಸೌತೆಕಾಯಿ ಇರಲಿ. ಮುಳ್ಳೋಡಿಯ ಕಡೆಯ ಮನೆಗಳಲ್ಲಿ ಹಿಂದಿನ ದಿನವೇ ಹೇಳಿಟ್ಟರೆ ಬುತ್ತಿ ಕಟ್ಟಿಕೊಡುತ್ತಾರೆ. ಸ್ಟೀಲಿನ ಡಬ್ಬಿಗಳನ್ನು ನೀವೇ ಒಯ್ದರೆ ಪ್ಲಾಸ್ಟಿಕ್ ಪೊಟ್ಟಣದ ಪ್ರಶ್ನೆಯೇ ಬರುವುದಿಲ್ಲ. ಕಿತ್ತಳೆ ಸಿಪ್ಪೆ, ಮೊಟ್ಟೆಯ ಚಿಪ್ಪುಗಳನ್ನು "ಕೊಳೆಯುತ್ತದಲ್ಲ" ಎಂದು ಎಸೆಯುವವರಿದ್ದಾರೆ. ಎಸೆಯದಂತೆ ತಡೆಯಿರಿ. ಮನುಷ್ಯರ ತಿಂಡಿಯ ವಾಸನೆಗೆ ಮಂಗಗಳೂ ಹಂದಿಗಳೂ ಹಾದಿಯ ಬದಿಗೆ ಬರುವುದನ್ನು ರೂಢಿಸಿಕೊಂಡರೆ ತೊಂದರೆ ಅವುಗಳಿಗೂ ನಮ್ಮ ಹಿಂದೆ ಬರುವವರಿಗೂ ತಪ್ಪಿದ್ದಲ್ಲ.

ಬೂಟು ಹೊಸದಾಗಿರಬಾರದು, ಅಟ್ಟೆ ಸವೆದಿರಲೂಬಾರದು. ಹತ್ತಿಯ ಜೀನ್ಸ್ ಒಮ್ಮೆ ನೆನೆದರೆ ದಿನವಿಡೀ ಒಣಗದು, ತೊಡೆ ಉಜ್ಜುತ್ತದೆ. ಬೇಗ ಒಣಗುವ ಪ್ಯಾಂಟು, ತುಂಬು ತೋಳಿನ ಅಂಗಿ, ಟೋಪಿ, ಮಳೆಯಂಗಿ, ಒಂದು ಜೊತೆ ಹೆಚ್ಚುವರಿ ಕಾಲುಚೀಲ ಇರಲಿ. ಹಗಲೇ ಮರಳುತ್ತೇವೆ ಎಂದುಕೊಂಡರೂ ಪ್ರತಿಯೊಬ್ಬರ ಬಳಿ ಟಾರ್ಚು, ಒಂದು ಸೀಟಿ ಕಡ್ಡಾಯ. ಮೊಬೈಲಿನ ಬೆಳಕನ್ನು ಟಾರ್ಚೆಂದು ಎಣಿಸಬಾರದು. ಗುಂಪಿಗೆ ಒಂದರಂತೆ ಔಷಧದ ಡಬ್ಬಿಯಲ್ಲಿ ಕ್ರೇಪ್ ಬ್ಯಾಂಡೇಜು, ಹತ್ತಿ, ಗಾಯದ ಪಟ್ಟಿ, ನಂಜುನಿರೋಧಕ ದ್ರಾವಣ, ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಮುಳ್ಳೋಡಿ ಬಿಟ್ಟ ಮೇಲೆ ಶೌಚಾಲಯ ಇಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಆ ಮಾತು ಬಾರದ ಕಾರಣಕ್ಕೆ ದಿನವಿಡೀ ನೀರು ಕುಡಿಯದೆ ನಡೆದು ತಲೆಸುತ್ತಿ ಕುಳಿತವರನ್ನು ನಾನು ಕಂಡಿದ್ದೇನೆ. ಹಾದಿಯಿಂದಲೂ ನೀರಿನಿಂದಲೂ ಸಾಕಷ್ಟು ದೂರದ ಮರೆಯ ಜಾಗದಲ್ಲಿ ಇಬ್ಬಿಬ್ಬರಾಗಿ ಹೋಗಿಬರುವುದು, ಬಳಸಿದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಚೀಲದಲ್ಲಿ ಹಿಂದಕ್ಕೆ ತರುವುದು ಎಂದು ಮೊದಲೇ ಮಾತನಾಡಿಕೊಂಡರೆ ಯಾರಿಗೂ ಮುಜುಗರವಿಲ್ಲ.

ಇನ್ನು ಇಂಬಳದ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಯ ಮಾತು. ಜೂನ್‌ನಿಂದ ನವೆಂಬರ್‌ವರೆಗೆ, ಮಳೆ ಬಿದ್ದ ಮರುದಿನವಾದರೆ ಯಾವ ತಿಂಗಳಲ್ಲಾದರೂ, ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ತರಗೆಲೆಯ ಮೇಲೆ ನಿಂತು ಒಂದು ನಿಮಿಷ ನೋಡಿದರೆ ದಾರದ ಎಳೆಯಂಥ ಕಪ್ಪು ಜೀವಗಳು ಬಾಲದ ಮೇಲೆ ಎದ್ದು ನಿಂತು, ಗಾಳಿಯಲ್ಲಿ ಬಾಯಿ ಆಡಿಸುತ್ತ, ಗೇಣು ಹಾಕಿ ಅಳೆದಂತೆ ಬಾಗಿ ಬಾಗಿ ನಿಮ್ಮ ಬೂಟಿನತ್ತಲೇ ಬರುವುದು ಕಾಣುತ್ತದೆ. ಮಂಡಿಯವರೆಗೆ ಬರುವ ಬಿಗಿನೇಯ್ಗೆಯ ಇಂಬಳದ ಕಾಲುಚೀಲ ಇದಕ್ಕೆ ಒಳ್ಳೆಯ ರಕ್ಷಣೆ. ಮಲೆನಾಡಿನವರು ಕೊಬ್ಬರಿ ಎಣ್ಣೆಗೆ ಉಪ್ಪು ಕಲಸಿ ಕಾಲಿಗೆ ಹಚ್ಚುತ್ತಾರೆ, ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಕೊಳ್ಳುವವರೂ ಇದ್ದಾರೆ. ಕಚ್ಚಿದ್ದನ್ನು ಕಂಡು ಗಾಬರಿಯಿಂದ ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಜಾರಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದರೆ ಸಾಕು. ಹೊಸಬರಿಗೆ ಇದನ್ನು ಮೊದಲೇ ವಿವರಿಸಿ, ಸಾಧ್ಯವಾದರೆ ಒಂದನ್ನು ತೋರಿಸಿಯೂ ಬಿಡಿ. ಇಂಬಳದ ಭಯದಿಂದ ಓಡಿ ಜಾರಿ ಬಿದ್ದವರಿಗೆ ಆಗುವ ಪೆಟ್ಟು ಇಂಬಳದಿಂದ ಆಗುವುದಿಲ್ಲ.

ಡಿಸೆಂಬರಿನಿಂದ ಮೇವರೆಗೆ ಬೇರೊಂದು ಎಚ್ಚರ ಬೇಕು. ಮಲೆನಾಡಿನ ಕಾಡುಗಳಲ್ಲಿ ಆ ತಿಂಗಳುಗಳು ಉಣುಗುಗಳ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಗಳ ಕಾಲ. ಮಂಗನ ಕಾಯಿಲೆ ಎಂಬ ಜ್ವರವನ್ನು ಹರಡುವುದು ಅವೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಯಲಾದ ಕೈಕಾಲುಗಳಿಗೆ ಆರೋಗ್ಯ ಇಲಾಖೆ ಈ ಭಾಗದಲ್ಲಿ ಹಂಚುವ ಡೆಪಾ ತೈಲವನ್ನೋ ಅಂಥ ಬೇರೆ ಲೇಪನವನ್ನೋ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಹಾದಿಯಲ್ಲಿ

ಮೊದಲೇ ಹೇಳಿದ ಪ್ರಸಂಗ ಇಲ್ಲಿಗೆ ಸಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಎಂಟು ಮಂದಿ ನವೆಂಬರಿನಲ್ಲಿ ಹೊರಟಿದ್ದೆವು. ಇಬ್ಬರು ಮೊದಲಿನಿಂದಲೂ ಮುಂದೆ ಹಾರಿದರು, ಐವರು ನಡುವೆ ಮಾತನಾಡುತ್ತ ನಡೆದೆವು, ಒಬ್ಬ ಗೆಳೆಯ ಹಿಂದೆ ಬರುತ್ತಿದ್ದ. ಅವನ ಜೊತೆ ಯಾರೋ ಇದ್ದಾರೆ ಎಂದು ನಾನೂ, ನಾನಿದ್ದೇನೆ ಎಂದು ಉಳಿದವರೂ ಭಾವಿಸಿದ್ದೆವು. ನೆತ್ತಿಯಲ್ಲಿ ತಲೆ ಎಣಿಸಿದಾಗ ಏಳೇ ಇದ್ದವು. ಅಷ್ಟರಲ್ಲಿ ಪಡುವಣದಿಂದ ಮಂಜು ಏರಿ ಹತ್ತು ಮಾರಿನಾಚೆ ಏನೂ ಕಾಣದಂತಾಯಿತು. ಕೂಗುತ್ತ ಇಳಿದು ಬಂದಾಗ ಅವನು ಒಂದು ಶೋಲಾದ ಅಂಚಿನಲ್ಲಿ, ಹಳ್ಳದ ಪಕ್ಕದ ಬಂಡೆಯ ಮೇಲೆ, ಊದಿದ ಮಂಡಿಗೆ ಕರವಸ್ತ್ರ ಕಟ್ಟಿಕೊಂಡು ಕುಳಿತಿದ್ದ. ಒಂದೂವರೆ ಗಂಟೆ ಹಾಗೆಯೇ ಕುಳಿತಿದ್ದನಂತೆ. ಅವನ ಪಾಲಿನ ಬುತ್ತಿ ನನ್ನ ಚೀಲದಲ್ಲಿತ್ತು. "ಮೇಲೆ ಹೋಗಿ ಬಂದ್ರಾ? ಚೆನ್ನಾಗಿ ಕಾಣ್ತಾ?" ಎಂದಷ್ಟೇ ಕೇಳಿದ. ಅಂದಿನ ಹೊಣೆ ನನ್ನದಾಗಿತ್ತು, ತಪ್ಪೂ ನನ್ನದೇ.

ಆ ದಿನದಿಂದ ನಾನು ಪಾಲಿಸುವ ಕ್ರಮ ಇದು. ದಾರಿ ಬಲ್ಲವರೊಬ್ಬರು ಮುಂದೆ, ಗಟ್ಟಿ ಕಾಲಿನ, ತಾಳ್ಮೆಯ ಇನ್ನೊಬ್ಬರು ಎಲ್ಲರ ಹಿಂದೆ. ಹಿಂದಿನವರನ್ನು ದಾಟಿ ಯಾರೂ ಹಿಂದುಳಿಯುವಂತಿಲ್ಲ, ಮುಂದಿನವರನ್ನು ದಾಟಿ ಯಾರೂ ಓಡುವಂತಿಲ್ಲ. ನಿಧಾನವಾಗಿ ನಡೆಯುವವರನ್ನು ಮುಂದಾಳುವಿನ ಬೆನ್ನಿಗೇ, ಎರಡನೆಯ ಸ್ಥಾನದಲ್ಲಿ ನಡೆಸಬೇಕು. ಆಗ ಸಾಲಿನ ವೇಗ ತಾನಾಗಿಯೇ ಅವರ ವೇಗಕ್ಕೆ ಇಳಿಯುತ್ತದೆ, ಯಾರ ಬಾಯಿಯಿಂದಲೂ "ಬೇಗ ಬಾ" ಎಂಬ ಮಾತು ಬರುವುದಿಲ್ಲ. ಪ್ರತಿ ಹಳ್ಳದಲ್ಲಿ, ಪ್ರತಿ ಕವಲಿನಲ್ಲಿ ಕೊನೆಯವರು ಬಂದು ಸೇರುವವರೆಗೆ ನಿಂತು ತಲೆ ಎಣಿಸಿ. ಇಲ್ಲಿ ಬಹಳ ಗುಂಪುಗಳು ಮಾಡುವ ಅನ್ಯಾಯವೊಂದಿದೆ. ಮುಂದಿನವರು ಹತ್ತು ನಿಮಿಷ ಕುಳಿತು ದಣಿವಾರಿಸಿಕೊಂಡು, ಹಿಂದಿನವರು ಏದುಸಿರು ಬಿಡುತ್ತ ಬಂದು ಮುಟ್ಟಿದ ಕೂಡಲೇ "ಬಂದೆಯಾ, ಸರಿ ಹೊರಡೋಣ" ಎಂದು ಎದ್ದುಬಿಡುತ್ತಾರೆ. ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ. ವಿಶ್ರಾಂತಿಯ ಸಮಯವನ್ನು ಕೊನೆಯವರು ಬಂದು ಕುಳಿತ ಮೇಲೆಯೇ ಎಣಿಸಲು ಆರಂಭಿಸಬೇಕು.

ಮೊದಲ ಮುಕ್ಕಾಲು ಗಂಟೆ ಉದ್ದೇಶಪೂರ್ವಕವಾಗಿ ನಿಧಾನವಾಗಿ ನಡೆಯಿರಿ. ಏರುವಾಗ ಪೂರ್ಣ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವ ವೇಗವೇ ಸರಿಯಾದ ವೇಗ. ಒಂಟಿ ಮರ ಎಂದು ಕರೆಯುವ ಜಾಗದ ಹೊತ್ತಿಗೆ ಗುಂಪಿನ ಸ್ಥಿತಿ ಅಂದಾಜಿಗೆ ಸಿಗುತ್ತದೆ. ಬಯಲಿನಲ್ಲಿ ಒಬ್ಬಂಟಿಯಾಗಿ ನಿಂತ ಆ ಮರದಿಂದ ಮುಂದಿನ ಏರುಗಳು ಎದುರಿಗೇ ಕಾಣುತ್ತವೆ. ಅಲ್ಲಿ ಕುಳಿತು ಪ್ರತಿಯೊಬ್ಬರ ಮುಖ ನೋಡಿ, ಎಷ್ಟು ನೀರು ಕುಡಿದಿದ್ದಾರೆ ಎಂದು ಕೇಳಿ. ಯಾರಿಗಾದರೂ ಆಗದು ಎನಿಸಿದರೆ ಹಿಂದಿರುಗಲು ಅದು ಒಳ್ಳೆಯ ಜಾಗ, ಮುಳ್ಳೋಡಿ ಇನ್ನೂ ದೂರವಾಗಿರುವುದಿಲ್ಲ. ಹಿಂದಿರುಗುವವರನ್ನು ಒಂಟಿಯಾಗಿ ಕಳಿಸಬಾರದು. ಜೊತೆಗೆ ಹೋಗುವವರು ಯಾರು ಎಂಬುದನ್ನೂ ಹಿಂದಿನ ರಾತ್ರಿಯೇ ಗೊತ್ತುಮಾಡಿ, ಆ ಪಾಳಿಯನ್ನು ಮುಂದಾಳುವೇ ವಹಿಸಿಕೊಂಡರೆ ಉಳಿದವರಿಗೆ ಇರುಸುಮುರುಸಾಗದು.

ಅಲ್ಲಿಂದಾಚೆ ಹಾದಿ ಹುಲ್ಲುಗಾವಲಿನ ದಿಣ್ಣೆಗಳನ್ನೂ ಕಣಿವೆಯ ಮಡಿಲಿನಲ್ಲಿ ದಟ್ಟೈಸಿದ ಶೋಲಾ ತುಣುಕುಗಳನ್ನೂ ಒಂದಾದ ಮೇಲೊಂದು ದಾಟುತ್ತದೆ. ಬಿಸಿಲಿನಿಂದ ಮರಗಳೊಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಟ್ಟುತ್ತದೆ, ಬಂಡೆಗಳ ಮೇಲಿನ ಪಾಚಿ ಕಾಲಿಗೆ ಜಾರುತ್ತದೆ. ಬಿದ್ದ ಮಳೆಯನ್ನು ಹುಲ್ಲಿನ ಬೇರೂ ಶೋಲಾದ ಕೊಳೆತ ಎಲೆಗಳ ಮೆತ್ತೆಯೂ ಹೀರಿ ಹಿಡಿದು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುವುದರಿಂದಲೇ ಮಳೆ ನಿಂತು ಎಷ್ಟೋ ದಿನಗಳಾದ ಮೇಲೂ ಈ ಹಳ್ಳಗಳಲ್ಲಿ ನೀರಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದೂ ಇದೇ ಬೆಟ್ಟಸಾಲಿನಲ್ಲಿ. ಜಾಡನ್ನು ಬಿಟ್ಟು ಅಡ್ಡದಾರಿ ತುಳಿದರೆ ಆ ಹುಲ್ಲಿನ ಹೊದಿಕೆ ಕಿತ್ತು, ಮುಂದಿನ ಮಳೆಗೆ ಅಲ್ಲಿ ಕೊರಕಲು ಬೀಳುತ್ತದೆ. ಈ ಬೆಟ್ಟಗಳು ಒಮ್ಮೆ ಕಬ್ಬಿಣದ ಅದಿರಿಗಾಗಿ ಸಾಕಷ್ಟು ಬಗೆಸಿಕೊಂಡಿವೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಚೇತರಿಸಿಕೊಳ್ಳುತ್ತಿರುವ ನೆಲದ ಮೇಲೆ ನಾವು ಕಾಲಿಡುತ್ತಿದ್ದೇವೆ ಎಂಬುದನ್ನು ಗುಂಪಿಗೆ ಹೇಳಿದರೆ, ಒಂದೇ ಸಾಲಿನಲ್ಲಿ ನಡೆಯಿರಿ ಎಂದು ಪದೇ ಪದೇ ಗದರಿಸಬೇಕಾಗುವುದಿಲ್ಲ.

ಸ್ಪೀಕರಿನಲ್ಲಿ ಹಾಡು ಹಾಕಲು ಬಿಡಬೇಡಿ. ಸುಮ್ಮನೆ ನಡೆದರೆ ಸಿಂಗಳೀಕಗಳ ಕೂಗು ಕೇಳೀತು, ದೂರದ ದಿಣ್ಣೆಯ ಮೇಲೆ ಕಾಟಿಗಳ, ಅಂದರೆ ಕಾಡುಕೋಣಗಳ ಹಿಂಡು ಕಂಡೀತು. ಕಾಟಿ ಹಾದಿಯಲ್ಲೇ ನಿಂತಿದ್ದರೆ ಹತ್ತಿರ ಹೋಗದೆ, ಕೂಗಾಡದೆ, ಒಟ್ಟಾಗಿ ನಿಧಾನವಾಗಿ ಹಿಂದೆ ಸರಿದು ಮಾರ್ಗದರ್ಶಿ ಹೇಳಿದಂತೆ ಕಾಯಬೇಕು.

ಹಳ್ಳ ತುಂಬಿ ಕೆಂಪಾಗಿ ಹರಿಯುತ್ತಿದ್ದರೆ, ನೀರು ಮಂಡಿಗಿಂತ ಮೇಲೆ ಬಂದಿದ್ದರೆ ದಾಟಬೇಡಿ. ಇಳಿಯುವ ತನಕ ಕಾದರೆ ಅನೇಕ ವೇಳೆ ಒಂದೆರಡು ಗಂಟೆಗಳಲ್ಲಿ ತಗ್ಗುತ್ತದೆ. ದಾಟುವಾಗ ಬೂಟು ಬಿಚ್ಚದೆ, ಚೀಲದ ಸೊಂಟಪಟ್ಟಿ ಕಳಚಿ, ಕೋಲೂರಿಕೊಂಡು ನೀರು ಹರಿದುಬರುವ ಕಡೆಗೆ ಮುಖಮಾಡಿ ದಾಟಬೇಕು. ಗುಡುಗು ಕೇಳಿಸಿದರೆ ದಿಣ್ಣೆಯ ಏಣಿನಿಂದಲೂ ಒಂಟಿ ಮರಗಳಿಂದಲೂ ದೂರವಾಗಿ, ತಗ್ಗಿಗೆ ಇಳಿದು, ಒಬ್ಬರಿಂದೊಬ್ಬರು ಅಂತರ ಬಿಟ್ಟು ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕುಳಿತಿರಿ. ನೆತ್ತಿಯ ಆಸೆಯನ್ನು ಅಂದಿಗೆ ಬಿಟ್ಟುಬಿಡಿ.

ನೆತ್ತಿಯಿಂದ ಮನೆಯವರೆಗೆ

ನೆತ್ತಿಗೆ ಎಲ್ಲರೂ ಒಟ್ಟಿಗೆ ಕಾಲಿಡುವಂತೆ ಕೊನೆಯ ಏರಿನ ಬುಡದಲ್ಲಿ ಒಮ್ಮೆ ನಿಲ್ಲಿ. ನಮ್ಮ ಗುಂಪಿನಲ್ಲಿ ಈಗ ಮೊದಲ ಹೆಜ್ಜೆ ಇಡುವವರು ಅಂದು ಅತ್ಯಂತ ನಿಧಾನವಾಗಿ ನಡೆದವರು. ಪಡುವಣಕ್ಕೆ ನೆಲ ಥಟ್ಟನೆ ಕುಸಿದು ದಕ್ಷಿಣ ಕನ್ನಡದ ಬಯಲು ತೆರೆದುಕೊಳ್ಳುತ್ತದೆ. ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯುವುದನ್ನು ಖಡಾಖಂಡಿತವಾಗಿ ತಡೆಯಿರಿ. ಬೆವರಿದ ಮೈಗೆ ಅಲ್ಲಿನ ಗಾಳಿ ಬೇಗ ಚಳಿ ಹತ್ತಿಸುವುದರಿಂದ ಕುಳಿತ ಕೂಡಲೇ ಮೇಲಂಗಿ ಹಾಕಿಕೊಳ್ಳಲು ಹೇಳಿ. ಯಾರಾದರೂ ತಡೆಯಿಲ್ಲದೆ ನಡುಗುತ್ತಿದ್ದರೆ, ಮಾತು ತೊದಲುತ್ತಿದ್ದರೆ ನೆನೆದ ಬಟ್ಟೆ ತೆಗೆಸಿ, ಒಣಬಟ್ಟೆ ಹೊದಿಸಿ, ಸಿಹಿ ತಿನ್ನಿಸಿ ಕೂಡಲೇ ಕೆಳಗಿಳಿಸಬೇಕು.

ಅಪಘಾತಗಳು ಹೆಚ್ಚಾಗಿ ನಡೆಯುವುದು ಇಳಿಯುವಾಗ, ಅದರಲ್ಲೂ ಊರು ಹತ್ತಿರವಾಯಿತೆಂದು ಮನಸ್ಸು ಸಡಿಲಾದ ಕೊನೆಯ ಮೂರು ಕಿಲೋಮೀಟರುಗಳಲ್ಲಿ. ಹೆಜ್ಜೆ ಚಿಕ್ಕದಾಗಿ, ಮಂಡಿ ತುಸು ಬಾಗಿ ಇರಲಿ. ಪಾದದ ಕೀಲು ಉಳುಕಿದರೆ ಬೂಟನ್ನು ಪೂರ್ತಿ ಕಳಚಬೇಡಿ, ಊತ ಏರಿದ ಮೇಲೆ ಮತ್ತೆ ತೊಡಲಾಗದು. ಬೂಟಿನ ಮೇಲಿಂದಲೇ ಕ್ರೇಪ್ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ, ಅವರ ಚೀಲವನ್ನು ಹಂಚಿಕೊಂಡು, ಇಬ್ಬರ ಆಸರೆಯಲ್ಲಿ ನಡೆಸಬೇಕು. ಹೆಜ್ಜೆ ಊರಲಾಗದಷ್ಟು ನೋವಿದ್ದರೆ ಮೂಳೆ ಮುರಿದಿರಬಹುದೆಂದು ಭಾವಿಸಿ, ಅಲುಗಾಡಿಸದೆ ಕೂರಿಸಿ. ಮಾರ್ಗದರ್ಶಿಯೊಂದಿಗೆ ಒಬ್ಬರನ್ನು ಅರಣ್ಯ ಇಲಾಖೆಯ ಚೌಕಿಗೆ ಕಳಿಸಿ, ಇಬ್ಬರು ಜೊತೆಗೆ ನಿಲ್ಲಿರಿ. ನೆಟ್‌ವರ್ಕ್ ಸಿಗುವ ಜಾಗ ತಲುಪಿದವರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ.

ಮುಳ್ಳೋಡಿಗೆ ಬಂದ ಮೇಲೆ ತಲೆ ಎಣಿಸಿ, ಕಸದ ಚೀಲ ತೋರಿಸಿ, ಚೌಕಿಯವರಿಗೆ ಎಲ್ಲರೂ ಮರಳಿದ್ದೇವೆಂದು ಹೇಳಿ. ಬಿಸಿನೀರಿನ ಸ್ನಾನ ಮಾಡುವಾಗ ಕಂಕುಳು, ಕಿವಿಯ ಹಿಂಭಾಗ, ಸೊಂಟ, ಮಂಡಿಯ ಸಂದುಗಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ಪ್ರತಿಯೊಬ್ಬರೂ ಹುಡುಕಬೇಕು. ಕಂಡರೆ ಚಿಮುಟದಿಂದ ಚರ್ಮಕ್ಕೆ ಸಮೀಪದಲ್ಲಿ ಹಿಡಿದು ನೇರವಾಗಿ ಎತ್ತಿ ತೆಗೆದು ಸಾಬೂನಿನಿಂದ ತೊಳೆಯಿರಿ, ಬೆರಳಿನಿಂದ ಹಿಸುಕಬೇಡಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಲು ಹಾಕಿ.

ಮರುದಿನವೇ ಖರ್ಚಿನ ಲೆಕ್ಕವನ್ನು ಗುಂಪಿಗೆ ಕಳಿಸಿ, ಉಳಿದ ಹಣ ಹಿಂದಿರುಗಿಸಿ. ಎರಡು ವಾರಗಳ ತನಕ ಗುಂಪಿನಲ್ಲಿ ಎರಡು ದಿನಕ್ಕೊಮ್ಮೆ ಎಲ್ಲರ ಆರೋಗ್ಯ ವಿಚಾರಿಸುತ್ತಿರಿ. ಯಾರಿಗಾದರೂ ಹಠಾತ್ತನೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಸಾಮಾನ್ಯ ಜ್ವರವೆಂದು ಮಾತ್ರೆ ನುಂಗಿ ಮಲಗದೆ ಅಂದೇ ವೈದ್ಯರ ಬಳಿ ಹೋಗಬೇಕು. ಇಂಥ ದಿನ ಮಲೆನಾಡಿನ ಕಾಡಿನಲ್ಲಿ ನಡೆದು ಬಂದಿದ್ದೇನೆ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.